ಕಾರ್ಡು ಮಾರಿ ಕಣ ತಂದದ್ದು

ನಮ್ಮ ಅಡುಗೆಮನೆಯಲ್ಲಿ ಚಿನ್ನದ ಬಣ್ಣದ ಪ್ಲಾಸ್ಟಿಕ್ ಕಾರ್ಡೊಂದಿದೆ. ಎಟಿಎಂ ಕಾರ್ಡಿನಷ್ಟೇ ದೊಡ್ಡದು. ಅದರ ಒಂದು ಮೂಲೆಯಲ್ಲಿ ಕಣ್ಣು ಮುಚ್ಚಿ ಮುಗುಳ್ನಗುವ ಹೆಣ್ಣಿನ ಮುಖವಿದೆ. ಅವಳ ಕೆನ್ನೆಗೆ ಸದಾ ಜೋಳದ ಹಿಟ್ಟು ಮೆತ್ತಿರುತ್ತದೆ, ಏಕೆಂದರೆ ರೊಟ್ಟಿ ತಟ್ಟಿ ಮುಗಿದ ಮೇಲೆ ಕಟ್ಟೆಗೆ ಅಂಟಿದ ಹಿಟ್ಟನ್ನು ಅಮ್ಮ ಕೆರೆಯುವುದು ಆ ಕಾರ್ಡಿನಿಂದಲೇ. ಚಾಕುವಿನ ಹಾಗೆ ಗೀರುವುದಿಲ್ಲ, ಚಮಚದ ಹಾಗೆ ಜಾರುವುದಿಲ್ಲ ಎಂದು ಅದರ ಗುಣಗಾನ ಮಾಡುತ್ತಾಳೆ. ನಿಟ್ಟುವಳ್ಳಿಯ ನಮ್ಮ ಮನೆಗೆ ಬಂದವರು ಅದನ್ನು ಕಂಡು, "ಇದೇನ್ರೀ, ಬ್ಯಾಂಕಿಂದಾ?" ಎಂದು ಕೇಳಿದರೆ ಅಪ್ಪ ಥಟ್ಟನೆ ಮಳೆಯ ವಿಷಯ ತೆಗೆಯುತ್ತಾರೆ.

ಅದು ಬ್ಯಾಂಕಿನದಲ್ಲ. ಅದು ಗಿಫ್ಟ್ ಕಾರ್ಡು, ಒಬ್ಬರು ಗೌರವದಿಂದ ಕೊಟ್ಟದ್ದು. ಅದನ್ನು ಅಂಗಡಿಯ ಮೆಟ್ಟಿಲ ಮೇಲೆ ನಿಂತು ಗುರುತಿಲ್ಲದವರಿಗೆ ಮಾರಿದವಳು ನಾನು. ಮಾರಿದ್ದಕ್ಕೆ ಇವತ್ತಿಗೂ ನನಗೆ ಎಳ್ಳಷ್ಟು ನಾಚಿಕೆಯಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಕೊನೆಗೆ ಇವಳು ಕಣ್ಣೊರೆಸಿಕೊಂಡು ತಪ್ಪೊಪ್ಪಿಕೊಳ್ಳುತ್ತಾಳೆ ಎಂದು ಕಾದು ಕೂತವರು ಈಗಲೇ ಎದ್ದು ಹೋಗಬಹುದು.

ನಾನು ಚರ್ಚಾಸ್ಪರ್ಧೆಯಲ್ಲಿ ಬೆಳೆದವಳು. ನಮ್ಮ ಶಾಲೆಯಲ್ಲಿ ಓಡುವವರನ್ನು ಖೋಖೋಗೆ, ಕಂಠವಿದ್ದವರನ್ನು ಪ್ರಾರ್ಥನೆಗೆ ಆರಿಸಿದ ಮೇಲೆ ಉಳಿದ ಬಾಯಿಬಡುಕರನ್ನು ಚರ್ಚೆಗೆ ಕಳಿಸುತ್ತಿದ್ದರು. ಅದರಲ್ಲೂ ನನಗೆ ಯಾವಾಗಲೂ ಸಿಗುತ್ತಿದ್ದದ್ದು 'ವಿಷಯದ ವಿರುದ್ಧವಾಗಿ'. ವಿಜ್ಞಾನ ವರ ಎಂದರೆ ನಾನು ಅಲ್ಲ ಎನ್ನಬೇಕು. ಮುಂದಿನ ವರ್ಷ ವಿಜ್ಞಾನ ಶಾಪ ಎಂದು ವಿಷಯ ಬದಲಾಯಿಸಿದರು, ಆಗಲೂ ಅಲ್ಲ ಎಂದೆ. ಎರಡು ಸಲವೂ ಬಹುಮಾನ ಬಂತು. ಅಂದಿನಿಂದ ಯಾರು ಏನು ಹೇಳಿದರೂ ನನ್ನ ಬಾಯಿಗೆ ಮೊದಲು ಬರುವುದು ಅಲ್ಲ ಎಂಬ ಪದವೇ. "ಸ್ಪರ್ಧೆಯಾಗಾದ್ರ ಟೈಮ್ ಆತು ಅಂತ ಗಂಟಿ ಬಾರಿಸ್ತಾರವ್ವ, ಈ ಮನ್ಯಾಗ ಗಂಟಿ ಇಲ್ಲ ನೋಡು" ಎಂದು ಅಪ್ಪ ಹೇಳುವುದುಂಟು. ಈಗ ನಾನು ಕಾನೂನು ಓದಿ ಒಬ್ಬ ಹಿರಿಯ ವಕೀಲರ ಕೈಕೆಳಗಿದ್ದೇನೆ. ನ್ಯಾಯಾಲಯದಲ್ಲಿ ನಾನು ಇದುವರೆಗೆ ಆಡಿದ ವಾದವೆಂದರೆ, 'ಮುಂದಿನ ತಾರೀಖು ಕೊಡಬೇಕು ಸ್ವಾಮಿ'. ಹಾಗಾಗಿ ಉಳಿದ ವಾದವೆಲ್ಲ ಮನೆಗೇ ಬರುತ್ತದೆ.

ಮೊದಲೆಲ್ಲ ಚರ್ಚೆಯ ಬಹುಮಾನವೆಂದರೆ ಸ್ಟೀಲ್ ತಟ್ಟೆ. ನಾವು ಊಟ ಮಾಡುವ ತಟ್ಟೆಗಳ ಅಂಚಿನಲ್ಲಿ ಇವತ್ತಿಗೂ 'ದ್ವಿತೀಯ' ಎಂದು ಕೊರೆದಿದೆ. ಕಾಲೇಜಿಗೆ ಬರುವ ಹೊತ್ತಿಗೆ ಕಾಲ ಬದಲಾಗಿ ಗಿಫ್ಟ್ ಕಾರ್ಡು ಶುರುವಾಯಿತು. ನನ್ನ ಮೊದಲ ಕಾರ್ಡು ಬೆಟ್ಟ ಹತ್ತುವವರ ಬೂಟಿನ ಅಂಗಡಿಯದು. ದಾವಣಗೆರೆಯಲ್ಲಿ ಹತ್ತಲು ಇರುವುದೆಂದರೆ ರೈಲ್ವೆ ಸ್ಟೇಷನ್ನಿನ ಮೇಲ್ಸೇತುವೆ, ಅದಕ್ಕೆ ಹವಾಯಿ ಚಪ್ಪಲಿ ಸಾಕು. ಹಾಸ್ಟೆಲಿನ ಗೆಳತಿಯೊಬ್ಬಳಿಗೆ ಚಾರಣದ ಹುಚ್ಚಿತ್ತು. ಅವಳಿಗೆ ಸ್ವಲ್ಪ ಕಡಿಮೆಗೆ ಮಾರಿದೆ. ಸುದ್ದಿ ಅಪ್ಪನ ಕಿವಿಗೆ ಬಿತ್ತು.

"ಬಹುಮಾನ ಮಾರ್ಕೊಂಡ್ಯಾ?"

"ನೀವು ದಿನಾ ಮಂಡಕ್ಕಿ ಮಾರಲ್ವಾ?" ಎಂದೆ. ಅಪ್ಪನದು ಮಂಡಕ್ಕಿ ವ್ಯಾಪಾರ. ಭಟ್ಟಿಯಿಂದ ಮೂಟೆಗಟ್ಟಲೆ ತಂದು ಅಂಗಡಿಗಳಿಗೆ ಹಾಕುತ್ತಾರೆ.

"ಮಂಡಕ್ಕಿ ನಂಗ್ಯಾರೂ ಪ್ರೀತಿಲೆ ಕೊಟ್ಟಿಲ್ಲವ್ವ" ಎಂದರು ಅಪ್ಪ.

ಒಳ್ಳೆಯ ಉತ್ತರವೇ. ಆದರೆ ಎದುರಾಳಿಗೆ ಅಂಕ ಕೊಡುವ ಕೆಲಸ ನನ್ನದಲ್ಲ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಕಣದ ವಿಷಯಕ್ಕೆ ಬರುತ್ತೇನೆ. ಕಣ ಎಂದರೆ ರವಿಕೆಯ ತುಂಡು ಬಟ್ಟೆ, ಅಂಗಡಿಯವರ ಬಾಯಲ್ಲಿ ಬ್ಲೌಸ್ ಪೀಸು. ನಮ್ಮ ಕಡೆ ಮನೆಗೆ ಬಂದ ಹೆಣ್ಣುಮಗಳನ್ನು ಸುಮ್ಮನೆ ಕಳಿಸುವ ಪದ್ಧತಿಯಿಲ್ಲ. ಹಣೆಗೆ ಕುಂಕುಮ ಇಟ್ಟು, ಸೆರಗು ಹಿಡಿಯಲು ಹೇಳಿ, ಅದರಲ್ಲಿ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಮೇಲೊಂದು ಕಣ ಹಾಕಿ ಉಡಿ ತುಂಬಬೇಕು. ಹೀಗೆ ಬಂದ ಕಣವನ್ನು ಯಾರೂ ಹೊಲಿಸುವುದಿಲ್ಲ. ಹೊಲಿಸಲಿ ಎಂದು ಅದನ್ನು ಯಾರೂ ನೇಯ್ದೂ ಇರುವುದಿಲ್ಲ. ಒಂದು ತೋಳಿಗೆ ಸಾಲದಷ್ಟು ಗಿಡ್ಡ, ಬಿಸಿಲಿಗೆ ಹಿಡಿದರೆ ಆಚೆ ಮನೆಯವರು ಕಾಣುವಷ್ಟು ತೆಳ್ಳಗೆ. ಅದು ಹುಟ್ಟಿದ್ದೇ ಮನೆಯಿಂದ ಮನೆಗೆ ಸುತ್ತುವುದಕ್ಕೆ. ಅಮ್ಮನ ಟ್ರಂಕಿನಲ್ಲಿ ಕಣಗಳು ಎರಡು ಜಾತಿ. ಮೇಲಿನವು 'ಚಲೋವು', ತಳದವು 'ಸಾಗ್ಹಾಕೋವು'. ಇರುವ ಕಾನೂನು ಒಂದೇ: ಕೊಟ್ಟವರಿಗೇ ತಿರುಗಿ ಕೊಡಬಾರದು. ಬೆಳಿಗ್ಗೆ ಕನ್ನಡಕ ಎಲ್ಲಿಟ್ಟೆ ಎಂಬುದು ಮರೆಯುವ ಅಮ್ಮನಿಗೆ ಯಾವ ಕಣ ಯಾರ ಮನೆಯದು ಎಂಬುದು ಮಾತ್ರ ಮರೆಯುವುದಿಲ್ಲ.

ಎಂಟನೇ ಇಯತ್ತೆಯಲ್ಲಿ ನಾನೊಂದು ಪರೀಕ್ಷೆ ಮಾಡಿದೆ. ತಳದ ಜಾತಿಯ ಗಿಳಿಹಸಿರು ಕಣವೊಂದರ ಮಡಿಕೆಯೊಳಗೆ ನೀಲಿ ಪೆನ್ನಿನಿಂದ ಚುಕ್ಕೆ ಇಟ್ಟೆ. ಅಮ್ಮ ಅದನ್ನು ಯಾರಿಗೋ ಕೊಟ್ಟಳು. ಎಷ್ಟೋ ದಿನವಾದ ಮೇಲೆ, ನಾನೇ ಮರೆತ ಮೇಲೆ, ಬಾತಿಯಲ್ಲಿ ಒಂದು ಮದುವೆ ಮುಗಿಸಿ ಬಂದ ಅಮ್ಮ ಉಡಿ ಬಿಚ್ಚಿದಾಗ ಅದೇ ಗಿಳಿಹಸಿರು ಹೊರಗೆ ಬಂತು, ಒಳಗೆ ನನ್ನ ಚುಕ್ಕೆ. ಅದನ್ನು ಬಾವುಟದಂತೆ ಹಿಡಿದು ಮನೆತುಂಬ ಓಡಾಡಿದೆ. ನೀವೆಲ್ಲ ಪ್ರೀತಿ ಪ್ರೀತಿ ಅನ್ನುತ್ತೀರಿ, ಒಂದೇ ಬಟ್ಟೆಯನ್ನು ಊರೆಲ್ಲ ಸೇರಿ ಒಬ್ಬರ ಮೇಲೊಬ್ಬರು ಹಾಕಿಕೊಂಡು ಕೂತಿದ್ದೀರಿ ಎಂದು ಭಾಷಣ ಬಿಗಿದೆ. "ಬಾಯಿ ಮುಚ್ಕೊಂಡು ಟ್ರಂಕಿನಾಗಿಡು. ನಾಳಿ ಪಕ್ಕದ್ಮನಿಯವ್ರು ಬರ್ತಾರ" ಎಂದಳು ಅಮ್ಮ.

ಆ ದಿನ ನನಗೆ ಸಿಕ್ಕ ಸಿದ್ಧಾಂತವನ್ನು ನಾನು ಇನ್ನೂ ಬಿಟ್ಟಿಲ್ಲ. ನಮ್ಮೂರಿನ ಮೊದಲ ಗಿಫ್ಟ್ ಕಾರ್ಡು ಕಣವೇ. ಅದಕ್ಕೆ ಅವಧಿ ಮುಗಿಯುವ ಭಯವಿಲ್ಲ, ಯಾವ ಮನೆಯಲ್ಲಾದರೂ ನಡೆಯುತ್ತದೆ. ಬೇಡವಾದ ಕಣ ಸಾಗಹಾಕುವವರು ಬೇಡವಾದ ಕಾರ್ಡು ಮಾರುವವರಿಗೆ ಮರ್ಯಾದೆಯ ಪಾಠ ಹೇಳಬಾರದು. ಇಷ್ಟು ಹೇಳಿ ಗೆದ್ದೆ ಎಂದುಕೊಂಡಿದ್ದೆ. ಕಣ ಯಾವ ಯಾವ ಮನೆಗೆ ಹೋಗುತ್ತದೆ ಎಂದು ಪತ್ತೆ ಹಚ್ಚಿದವಳಿಗೆ, ಯಾವ ಮನೆಗೆ ಹೋಗುವುದಿಲ್ಲ ಎಂದು ಕೇಳಿಕೊಳ್ಳುವುದು ಮಾತ್ರ ಹೊಳೆದಿರಲಿಲ್ಲ.

ನಮ್ಮ ದೊಡ್ಡಮ್ಮ, ಎಂದರೆ ಅಮ್ಮನ ಅಕ್ಕ, ಗಿರಿಜಾ ಮೇಡಂ ಎಂದರೆ ಹರಿಹರದಲ್ಲಿ ಗೊತ್ತು. ಅಲ್ಲಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ದೊಡ್ಡಪ್ಪ ತೀರಿಕೊಂಡಾಗ ನಾನು ಅಂಗನವಾಡಿಯಲ್ಲಿದ್ದೆ. ಅವರ ಮುಖ ಫೋಟೋದಲ್ಲಷ್ಟೇ ಗೊತ್ತು. ದೊಡ್ಡಮ್ಮ ಹರಿಹರದಲ್ಲೇ ಉಳಿದಳು. ಹಣೆಗೆ ವಿಭೂತಿ, ಕೈಯಲ್ಲಿ ಸೀಮೆಸುಣ್ಣದ ಪುಡಿ, ಬಾಯಲ್ಲಿ ಚುಚ್ಚುಮಾತು. ಭಾನುವಾರ ನಮ್ಮ ಮನೆಗೆ ಬಂದರೆ ನನ್ನ ಒಂದೊಂದು ವಾದವನ್ನೂ, "ಉತ್ತರ ಸರಿ ಐತೆ, ಹಂತ ಬರ್ದಿಲ್ಲ" ಎಂದು ಅರ್ಧ ಅಂಕಕ್ಕೆ ಇಳಿಸುತ್ತಿದ್ದಳು.

ಹೋದ ವರ್ಷ ಅವಳು ನಿವೃತ್ತಳಾದಳು. ಅದೇ ದಿನ ಹಿಂದಿ ಕಲಿಸುವ ಸರೋಜಮ್ಮ ಮೇಡಂ ಕೂಡ ನಿವೃತ್ತರಾದರು. ಇಬ್ಬರನ್ನೂ ವೇದಿಕೆಯ ಮೇಲೆ ಅಕ್ಕಪಕ್ಕ ಕೂರಿಸಿ, ಇಬ್ಬರಿಗೂ ಶಾಲು ಹೊದಿಸಿ, ಇಬ್ಬರಿಗೂ ಹಾರ ಹಾಕಿದರು. ನಾನು, ಅಮ್ಮ, ಅಪ್ಪ ಮುಂದಿನ ಸಾಲಿನಲ್ಲಿದ್ದೆವು. ಆಮೇಲೆ ಶಿಕ್ಷಕಿಯರೆಲ್ಲ ಸಾಲಾಗಿ ಬಂದು ಸರೋಜಮ್ಮನವರಿಗೆ ಉಡಿ ತುಂಬಿದರು. ಹಸಿರು ಸೀರೆ, ಕಣ, ಅಕ್ಕಿ, ಕೊಬ್ಬರಿ. ಸೆರಗು ತುಂಬಿ ತೊಡೆಯ ಮೇಲೆ ಗುಡ್ಡೆಯಾಯಿತು. ದೊಡ್ಡಮ್ಮ ಪಕ್ಕದ ಕುರ್ಚಿಯಲ್ಲಿ ತನ್ನ ಸೆರಗನ್ನೂ ಮುಂದಕ್ಕೆಳೆದು ಅರ್ಧ ಹರವಿದಳು, ಮತ್ತೆ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸೆಕೆಗೆ ಗಾಳಿ ಹಾಕಿಕೊಳ್ಳುತ್ತಿದ್ದಾಳೆ ಎಂದು ನಾನು ತಿಳಿದೆ. ಆಗ ರೇಖಾ ಮೇಡಂ ಎಂಬ ಎಳೆಯ ಶಿಕ್ಷಕಿ ಚಿನ್ನದ ಬಣ್ಣದ ಲಕೋಟೆ ತಂದು ದೊಡ್ಡಮ್ಮನ ಕೈಗಿತ್ತರು. ಮುಖ್ಯೋಪಾಧ್ಯಾಯರು ಮೈಕಿನಲ್ಲಿ, "ಗಿರಿಜಾ ಮೇಡಂ ಅವರಿಗೆ ಬೇಕಾದದ್ದನ್ನು ಅವರೇ ಆರಿಸಿಕೊಳ್ಳಲಿ ಎಂದು ನಾವು ಆಧುನಿಕವಾಗಿ ಗಿಫ್ಟ್ ಕಾರ್ಡ್ ಕೊಡುತ್ತಿದ್ದೇವೆ" ಎಂದರು. ಆಧುನಿಕ ಎಂಬ ಮಾತು ಕೇಳಿ ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ.

ಲಕೋಟೆ ಒಡೆದದ್ದು ನಿಟ್ಟುವಳ್ಳಿಯ ನಮ್ಮ ಮನೆಯಲ್ಲಿ. ಅದು ಕೆ.ಬಿ. ಬಡಾವಣೆಯ ಕಡೆಯ ಒಂದು ಹೊಸ ಸೌಂದರ್ಯ ಸಾಮಗ್ರಿ ಮಳಿಗೆಯ ಕಾರ್ಡು. ತುಟಿಗೆ, ರೆಪ್ಪೆಗೆ, ಉಗುರಿಗೆ, ಕೂದಲಿಗೆ ಹಚ್ಚುವ ಬಣ್ಣಗಳು ಬಿಟ್ಟರೆ ಅಲ್ಲಿ ಬೇರೇನೂ ಸಿಗುವುದಿಲ್ಲ. ಎಲ್ಲರಿಗಿಂತ ಮೊದಲು ನಕ್ಕವಳು ದೊಡ್ಡಮ್ಮ.

"ಈ ವಯಸ್ಸಿನಾಗ ನಂಗ ಲಿಪ್‌ಸ್ಟಿಕ್ಕು. ಹಚ್ಕೊಂಡು ಪಿಂಚಣಿ ತರಾಕ ಹೋಗ್ಲೇನು?"

"ಮಾರಿಬಿಡೋಣ. ಈ ತಿಂಗಳ ಕೊನೆಗೆ ಅವಧಿ ಮುಗಿಯುತ್ತೆ" ಎಂದೆ ನಾನು.

ಅಪ್ಪ ಪೇಪರ್ ಕೆಳಗಿಟ್ಟರು. "ಸುಮಾ, ಇದು ನಿನ್ನ ಬೂಟಿನ ಕಾರ್ಡಲ್ಲ. ಇಷ್ಟು ವರ್ಷ ದುಡಿದದ್ದಕ್ಕ ಸಭೆ ಮಾಡಿ ಕೊಟ್ಟಾರ. ಅದು ಮರ್ಯಾದಿ. ಮರ್ಯಾದಿ ಮಾರ್ತಾರೇನು?"

"ಯಾರಿಗಾದ್ರೂ ಹಂಗ ಕೊಟ್ಬಿಡು ಅಕ್ಕ. ಮಾರೋದು ಚೆಂದ ಕಾಣಂಗಿಲ್ಲ" ಎಂದಳು ಅಮ್ಮ.

ನಾನು ಎದ್ದು ನಿಂತೆ. ಕೂತು ವಾದಿಸಿ ನನಗೆ ಅಭ್ಯಾಸವಿಲ್ಲ. ಬೇಡದ್ದನ್ನು ಪುಕ್ಕಟೆ ದಾಟಿಸಿದರೆ ಸಂಸ್ಕೃತಿ, ಬೇಕಾದವರಿಗೆ ಮಾರಿದರೆ ವಿಕೃತಿ ಎಂದು ಯಾರು ಬರೆದಿಟ್ಟರು? ಕೊಟ್ಟ ಮೇಲೆ ವಸ್ತು ಯಾರದು, ಕೊಟ್ಟವರದೋ ಇಸಿದುಕೊಂಡವರದೋ? ಇಸಿದುಕೊಂಡವರದು ಎನ್ನುವುದಾದರೆ ಅದರ ಗತಿ ನಿರ್ಧರಿಸುವವರು ಯಾರು? ಹೀಗೆ ಕೈಬೆರಳು ಮಡಿಸಿ ಮಡಿಸಿ ಹೇಳುತ್ತಿರುವಾಗ ದೊಡ್ಡಮ್ಮ ನಡುವೆ ಬಾಯಿ ಹಾಕಿದಳು.

"ಮಾರಿದ್ರ ಪೂರ್ತಿ ಬರ್ತೈತಾ?"

"ಸ್ವಲ್ಪ ಕಮ್ಮಿ ಬರುತ್ತೆ ದೊಡ್ಡಮ್ಮ."

"ಕಮ್ಮಿ ಆದ್ರೂ ಅದು ನಂದಲ್ಲ? ನಂಗ ಬೇಕಾದ್ದಕ್ಕ ಖರ್ಚು ಮಾಡ್ಬಹುದಲ್ಲ?"

"ಅಕ್ಕಾರೇ, ನೀವೂ ಇವಳ ಜೊತಿ ಸೇರಿದ್ರಾ?" ಎಂದರು ಅಪ್ಪ.

"ಹುಡುಗಿ ಈ ಸಲ ಹಂತ ಬರ್ದಾಳ" ಎಂದಳು ದೊಡ್ಡಮ್ಮ. ಏನು ಬೇಕು ಎಂದು ಮಾತ್ರ ಹೇಳಲಿಲ್ಲ.

ಇಂಥ ಕಾರ್ಡು ಕೊಳ್ಳುವವರು ಅಂತರ್ಜಾಲದಲ್ಲಿ ಇದ್ದಾರೆ. ಆದರೆ ಅವರು ಮೊದಲು ಕಾರ್ಡಿನ ನಂಬರು ಕಳಿಸಿ, ಹಣ ಆಮೇಲೆ ಎನ್ನುತ್ತಾರೆ. ದೇವರನ್ನೇ ಸಾಕ್ಷಿಯಿಲ್ಲದೆ ಒಪ್ಪದವಳು ನಾನು, ಇವರನ್ನು ಒಪ್ಪುತ್ತೇನೆಯೇ? ಅದಕ್ಕಿಂತ ಸರಳ ದಾರಿಯಿದೆ. ಅದೇ ಅಂಗಡಿಗೆ ಹೋಗುವುದು. ಹೇಗೂ ಕೊಳ್ಳಲು ಬಂದವರನ್ನು ಹಿಡಿಯುವುದು. ಅವರ ಬಿಲ್ಲಿಗೆ ನಮ್ಮ ಕಾರ್ಡು ಉಜ್ಜುವುದು, ಸ್ವಲ್ಪ ಕಡಿಮೆ ಮಾಡಿ ಅವರಿಂದ ನಗದು ಇಸಿದುಕೊಳ್ಳುವುದು.

ಹೇಳಿದಷ್ಟು ಸುಲಭವಿರಲಿಲ್ಲ. ನಾನು ಮೊದಲು ಮಾತಾಡಿಸಿದ ಹುಡುಗ ತಲೆಗೂದಲಿಗೆ ಹಚ್ಚುವ ಬಣ್ಣದ ಡಬ್ಬಿ ಹಿಡಿದಿದ್ದ. ನನ್ನ ಮಾತು ಮುಗಿಯುವ ಮೊದಲೇ, "ನಮ್ಮಣ್ಣ ಪೊಲೀಸ್ ಇದಾನ" ಎಂದ. ಎರಡನೆಯವರು ಪರ್ಸನ್ನು ಎದೆಗವಚಿಕೊಂಡರು. ಬಿಲ್ ಮಾಡುವ ಹುಡುಗಿ ಪಿಸುದನಿಯಲ್ಲಿ, "ಅಕ್ಕಾ, ಇಲ್ಲಿ ಕೇಳಬ್ಯಾಡ್ರಿ, ಮ್ಯಾನೇಜರ್ ನೋಡ್ತಾರ. ಮೆಟ್ಟಲ ಮ್ಯಾಲ ನಿಂತ್ಕೊಳ್ರಿ" ಎಂದಳು. ಮೆಟ್ಟಿಲ ಮೇಲೆ ನಿಂತೆವು. ಎಷ್ಟೋ ವೇದಿಕೆಗಳಲ್ಲಿ ತೀರ್ಪುಗಾರರನ್ನು ಒಪ್ಪಿಸಿದ ನನ್ನಿಂದ ಒಬ್ಬ ಗಿರಾಕಿಯನ್ನು ಒಪ್ಪಿಸಲಾಗಲಿಲ್ಲ. ದೊಡ್ಡಮ್ಮ ಪಕ್ಕದಲ್ಲಿ ನಿಂತು ಸೇಂಗಾ ತಿನ್ನುತ್ತ, "ಪೀಠಿಕಿ ಕಮ್ಮಿ ಮಾಡು" ಎಂದು ಸಲಹೆ ಕೊಡುತ್ತಿದ್ದಳು.

ಅಷ್ಟರಲ್ಲಿ ಬಾತಿಯ ಕಡೆಯ ತಾಯಿ ಮಗಳು ಆಟೋ ಇಳಿದರು. ಮಗಳಿಗೆ ಮದುವೆ ಗೊತ್ತಾಗಿತ್ತು, ಅಲಂಕಾರದ ಸಾಮಾನು ಕೊಳ್ಳಲು ಬಂದಿದ್ದರು. ಈ ಸಲ ಪೀಠಿಕೆ ಬಿಟ್ಟು ನೇರ ಹೇಳಿದೆ. ತಾಯಿಗೆ ಅರ್ಥವಾಯಿತು, ಒಪ್ಪಿಗೆಯೂ ಆಯಿತು. ಬಿಲ್ ಮೊದಲು ಆಗಲಿ, ಕಾರ್ಡು ನಡೆದರೆ ಹಣ ಕೊಡುತ್ತೇವೆ ಎಂದರು. ನ್ಯಾಯವೇ. ಬುಟ್ಟಿ ತುಂಬಿಸಿ ಬಿಲ್ಲಿನ ಹತ್ತಿರ ಬಂದಾಗ ಆ ತಾಯಿ ಮಾತಿನ ನಡುವೆ ದೊಡ್ಡಮ್ಮನನ್ನು ಕೇಳಿದರು.

"ಹೊಸಾ ಕಾರ್ಡು, ಯಾಕ ಮಾರ್ತೀರಿ?"

"ಶಾಲ್ಯಾಗ ಕೊಟ್ರು, ನಿವೃತ್ತಿಗೆ. ಜೊತಿಯವ್ರಿಗೆ ಉಡಿ ತುಂಬಿದ್ರು. ನಂಗ ಮನಿಯವ್ರಿಲ್ಲ, ಉಡಿ ತುಂಬಾಕ ಬರಂಗಿಲ್ಲ. ಅದಕ್ಕ ಕಾರ್ಡು ಕೊಟ್ರು" ಎಂದಳು ದೊಡ್ಡಮ್ಮ, ಬಸ್ಸಿನ ಸಮಯ ಹೇಳುವಷ್ಟು ಸಲೀಸಾಗಿ.

ನನ್ನ ಚಪ್ಪಾಳೆಯ ಸದ್ದು ನನ್ನ ಕಿವಿಗೇ ತಿರುಗಿ ಬಂದಂತಾಯಿತು. ಸೆರಗು ಹರವಿ ಮಡಿಸಿಕೊಂಡದ್ದು ಕಣ್ಣ ಮುಂದೆ ಬಂತು. ಕುಂಕುಮ ಕೊಡಲು ಅಂಜಿದವರು ಲಿಪ್‌ಸ್ಟಿಕ್ಕು ಕೊಟ್ಟಿದ್ದರು, ಅದಕ್ಕೆ ಆಧುನಿಕ ಎಂದು ಹೆಸರಿಟ್ಟಿದ್ದರು, ನಾನು ಆ ಹೆಸರಿಗೆ ಮರುಳಾಗಿದ್ದೆ.

ಆ ತಾಯಿಯ ಕೈ ಹಿಂದಕ್ಕೆ ಸರಿಯಿತು. ಕಾರ್ಡನ್ನು ಕಟ್ಟೆಯ ಮೇಲಿಟ್ಟು, "ಮದುವಿ ಸಾಮಾನು ನೋಡ್ರಿ... ಬ್ಯಾಡ ಬಿಡ್ರಿ, ತಪ್ಪು ತಿಳೀಬ್ಯಾಡ್ರಿ" ಎಂದರು.

ನಾನು ಉಸಿರೆಳೆದುಕೊಂಡೆ. ಸಂವಿಧಾನ, ಶರಣರು, ಪ್ಲಾಸ್ಟಿಕ್ಕಿನ ರಸಾಯನಶಾಸ್ತ್ರ, ಮೂರೂ ಗಂಟಲಿಗೆ ಒಟ್ಟಿಗೇ ಬಂದು ಸಿಕ್ಕಿಕೊಂಡವು. ಅಷ್ಟರಲ್ಲಿ ಮದುವಣಗಿತ್ತಿ ಕಾರ್ಡೆತ್ತಿಕೊಂಡು ಬಿಲ್ಲಿನ ಹುಡುಗಿಗೆ ಕೊಟ್ಟಾಗಿತ್ತು.

"ಅವ್ವಾ, ನಾವು ಕುಂಕುಮ ತಗೊಂತಿಲ್ಲ, ಕಾರ್ಡು ತಗೊಂತಿದೀವಿ. ಎಷ್ಟು ಕಮ್ಮಿ ಆಗ್ತೈತಿ ನೋಡು."

ತಾಯಿ ಬುಟ್ಟಿ ನೋಡಿದರು, ಬಿಲ್ಲು ನೋಡಿದರು. "ಹೌದು ಬಿಡು, ಅಂಗಡಿಯವ್ರ ಕಾರ್ಡು ಅಂಗಡಿಗೇ ಹೋಗ್ತೈತಲ್ಲ" ಎಂದರು.

ಈ ತೀರ್ಪನ್ನು ನಾನು ಆಗಾಗ ನೆನೆಯುತ್ತೇನೆ. ನೂರು ಭಾಷಣಕ್ಕೆ ಬಗ್ಗದ ಶಾಸ್ತ್ರ ಒಂದು ರಿಯಾಯಿತಿಗೆ ಬಗ್ಗಿತು. ಅದೇ ಶಾಸ್ತ್ರವನ್ನು ನಾವು ಕಲ್ಲಿನಲ್ಲಿ ಕೊರೆದದ್ದು ಎಂದುಕೊಂಡು ಬದುಕುತ್ತಿದ್ದೇವೆ.

ಬಿಲ್ಲಿನ ಹುಡುಗಿ ಖಾಲಿ ಕಾರ್ಡನ್ನು ದೊಡ್ಡಮ್ಮನಿಗೇ ತಿರುಗಿ ಕೊಟ್ಟಳು, ಅವಳು ಅದನ್ನು ನನ್ನ ಚೀಲಕ್ಕೆ ಹಾಕಿದಳು. ಹೊರಡುವಾಗ ಆ ತಾಯಿ ರೂಢಿಯಂತೆ, "ಮದುವಿಗೆ ಬರ್ರಿ ಮತ್ತ" ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡರು.

"ಬರ್ತೀನಿ ಬಿಡ್ರಿ. ಹಿಂದಿನ ಸಾಲಿನಾಗ ಕೂಡ್ತೀನಿ, ಊಟ ಅಲ್ಲಿಗೂ ಬರ್ತೈತಲ್ಲ" ಎಂದಳು ದೊಡ್ಡಮ್ಮ.

ಮೆಟ್ಟಿಲಿಳಿಯುತ್ತ ನಾನು ಕೇಳಿದೆ, "ನನಗೆ ಮೊದಲೇ ಯಾಕೆ ಹೇಳಲಿಲ್ಲ?"

"ಹೆಂಗ ಹೇಳ್ಲಿ? ನೀ ಚಪ್ಪಾಳಿ ಹೊಡೀತಿದ್ದಿ."

ಅಲ್ಲಿಂದ ಅವಳು ನನ್ನನ್ನು ನೇರ ಬಟ್ಟೆ ಅಂಗಡಿಗೆ ಕರೆದೊಯ್ದಳು. "ಕಣ ತೋರಿಸ್ರಿ, ಚಲೋವು. ಹೊಲಿಸಾಕ ಬರ್ಬೇಕು, ಸಾಗ್ಹಾಕೋವು ಬ್ಯಾಡ" ಎಂದಳು.

"ಯಾರದು ಕಾರ್ಯ, ಅಮ್ಮಾರೇ?" ಎಂದ ಅಂಗಡಿಯವನು.

"ನಂದೇ."

ಅವನು ಅವಳ ವಿಭೂತಿ ನೋಡಿದ, ನನ್ನನ್ನು ನೋಡಿದ, ತನಗೆ ತಾನೇ ಸಮಾಧಾನ ಹೇಳಿಕೊಂಡು, "ಹುಡುಗೀದು ಅನ್ರಿ" ಎಂದು ಕಟ್ಟು ಬಿಚ್ಚಿದ. ದೊಡ್ಡಮ್ಮ ಒಂದೊಂದನ್ನೂ ಮೊಳ ಹಾಕಿ, ಬೆಳಕಿಗೆ ಹಿಡಿದು ಆರಿಸಿದಳು. ಕಾರ್ಡಿನ ಹಣವೆಲ್ಲ ಕಣವಾಯಿತು.

ಹರಿಹರಕ್ಕೆ ಅವಳನ್ನು ಬಿಡಲು ಹೋಗುವಾಗ ಬಸ್ಸಿನಲ್ಲಿ ತನ್ನ ಲೆಕ್ಕ ಬಿಡಿಸಿ ಹೇಳಿದಳು. "ಎಲ್ಲಾ ಮೇಡಂಗಳ್ನ ಮನಿಗೆ ಚಾಕ್ಕ ಕರೀತೀನಿ. ನಾನೇ ಉಡಿ ತುಂಬ್ತೀನಿ. ನಾ ಕೊಟ್ಟಮ್ಯಾಲ ಅವ್ರು ತಿರುಗಿ ಕೊಡ್ಬೇಕಲ್ಲ? ಮುಯ್ಯಿ ಉಳಿಸ್ಕೊಂಡು ಕೂಡೋ ಹೆಣ್ಣುಮಕ್ಳು ಹರಿಹರದಾಗ ಯಾರದಾರ?"

"ಅವರು ಸೆರಗು ಹಿಡಿಯದಿದ್ದರೆ?"

"ಅದೂ ಗೊತ್ತಾಗ್ಲಿ. ಇಷ್ಟು ವರ್ಷ ಅವ್ರು ಕೊಡ್ಲಿಲ್ಲ, ನಾ ಕೇಳ್ಲಿಲ್ಲ. ಯಾರಿಗೂ ಏನೂ ಗೊತ್ತಾಗ್ಲಿಲ್ಲ."

ಗಂಡನನ್ನು ಕಳೆದುಕೊಂಡವಳ ಕೈಯಿಂದ ಮುತ್ತೈದೆಯರು ಉಡಿ ತುಂಬಿಸಿಕೊಳ್ಳುವುದೆಂದರೆ ಏನೆಂದು ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಪ್ಪ, "ಕರೆದು ಮುಖಕ್ಕ ಹೊಡಿಸ್ಕೊಂಡಂಗ" ಎಂದಷ್ಟೇ ಹೇಳಿದರು. ಅಮ್ಮ ರೊಟ್ಟಿ ತಟ್ಟುತ್ತಲೇ ಇದ್ದಳು. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ, ಮೈಲಿಗೆಯಿಲ್ಲ ಎಂದು ಸಭೆಗಳಲ್ಲಿ ಕೇಳಿ ತಲೆದೂಗಿ ಬರುವವರು ನಾವು. ಉಡಿಯ ತಟ್ಟೆ ಹೊರಗೆ ಬಂದಾಗ ಮಾತ್ರ ಆ ಮಾತು ಹಿತ್ತಿಲ ಬಾಗಿಲಿನಿಂದ ಎದ್ದು ಹೋಗಿರುತ್ತದೆ. ಇದನ್ನು ನಾನು ಅಪ್ಪನ ಎದುರಿಗೇ ಹೇಳಿದೆ. ಅವರು ಗಂಟೆ ಹುಡುಕುವವರಂತೆ ಅತ್ತಿತ್ತ ನೋಡಿದರು.

ಶುಕ್ರವಾರ ಸಂಜೆ ದೊಡ್ಡಮ್ಮನ ಮನೆಯಲ್ಲಿ ಮೇಡಂಗಳೆಲ್ಲ ಸೇರಿದರು. ಅಪ್ಪ ಒಂದು ಚೀಲ ಮಂಡಕ್ಕಿ ತಂದಿದ್ದರು, ಅಮ್ಮ ಮೆಣಸಿನಕಾಯಿ ಕರಿದಳು. ಮುಖ್ಯೋಪಾಧ್ಯಾಯರ ನಡಿಗೆಯನ್ನು ಯಾರೋ ಅಣಕಿಸಿದರು, ಎಲ್ಲರೂ ನಕ್ಕರು. ಚಹಾ ಮುಗಿಯಿತು. ದೊಡ್ಡಮ್ಮ ಒಳಗಿನಿಂದ ತಟ್ಟೆ ತಂದಳು. ಅರಿಶಿನ, ಕುಂಕುಮ, ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಮೇಲೆ ಮಡಿಸಿಟ್ಟ ಕಣಗಳು.

"ಬರ್ರಿ, ಒಬ್ಬೊಬ್ರಾಗಿ ಸೆರಗು ಹಿಡೀರಿ."

ಒಬ್ಬರೂ ಏಳಲಿಲ್ಲ. ರೇಖಾ ಮೇಡಂ ಖಾಲಿ ಲೋಟವನ್ನು ಬಾಯಿಗಿಟ್ಟುಕೊಂಡರು. ಹೊರಗೆ ಆಟೋವೊಂದು ಹಾರ್ನ್ ಹೊಡೆದು ಹೋಯಿತು. ಕೊನೆಗೆ ಸರೋಜಮ್ಮ ಮೇಡಂ ಮೆಲ್ಲಗೆ ಹೇಳಿದರು, "ಮೇಡಂ, ನಿಮ್ಮ ತಂಗಿ ಅದಾರಲ್ಲ, ಅವ್ರ ಕೈಲಿ ಕೊಡಿಸಿಬಿಡ್ರಿ. ಕೊಟ್ಟಂಗ ಆಗ್ತೈತಿ."

ನಾನು ಬಾಯಿ ತೆರೆದೆ. ದೊಡ್ಡಮ್ಮ ನನ್ನ ಕಡೆ ನೋಡದೆಯೇ, "ಸುಮಾ, ಕೂಡು. ಇದು ಸ್ಪರ್ಧಿ ಅಲ್ಲ" ಎಂದಳು. ಅಕ್ಕಿಯ ಮೇಲಿನ ಅಡಿಕೆ ಉರುಳಿ ತಟ್ಟೆಯ ಅಂಚಿಗೆ ಬಂತು.

ಅಡುಗೆಮನೆಯ ಬಾಗಿಲಲ್ಲಿದ್ದ ಅಮ್ಮ ಕೈ ಒರೆಸಿಕೊಂಡು ಬಂದಳು. ಎಲ್ಲರೂ ಅವಳು ತಟ್ಟೆ ಇಸಿದುಕೊಳ್ಳುತ್ತಾಳೆ ಎಂದೇ ನೋಡುತ್ತಿದ್ದರು. ನಾನೂ ಹಾಗೆಯೇ ತಿಳಿದೆ. ನನ್ನನ್ನು ಜೀವನವಿಡೀ ಬಾಯಿ ಮುಚ್ಚು ಎಂದ ಅಮ್ಮ, ಬೆಕ್ಕು ಅಡ್ಡ ಬಂದರೆ ಅಪ್ಪನ ಸ್ಕೂಟರ್ ನಿಲ್ಲಿಸುವ ಅಮ್ಮ, ಅಕ್ಕನ ಎದುರು ನಿಂತು ಸೆರಗು ಹರವಿದಳು.

"ಮೊದ್ಲು ನಂಗ ಹಾಕಕ್ಕ."

ದೊಡ್ಡಮ್ಮ ಬಾಗಿಲ ಕಡೆ ನೋಡಿದಳು. ಅಲ್ಲಿ ಅಪ್ಪ ನಿಂತಿದ್ದರು. ಅಮ್ಮನ ಉಡಿ ಎಂದರೆ ಅಪ್ಪನ ಆಯುಷ್ಯದ ಮಾತು ಎಂದು ಆ ಕೋಣೆಯಲ್ಲಿದ್ದ ಎಲ್ಲರೂ ನಂಬಿದ್ದರು, ನನ್ನೊಬ್ಬಳನ್ನು ಬಿಟ್ಟು. ನಿಜ ಹೇಳುತ್ತೇನೆ, ಆ ಕ್ಷಣ ನಾನೂ ಅಪ್ಪನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿಕೊಂಡೆ. ನಾಸ್ತಿಕತೆ ನಾಲಿಗೆಯಿಂದ ಹೊಟ್ಟೆಗೆ ಇಳಿಯಲು ಇನ್ನೂ ಸಮಯ ಬೇಕೆಂದು ಕಾಣುತ್ತದೆ.

ಅಪ್ಪ ಗಂಟಲು ಸರಿಮಾಡಿಕೊಂಡರು. "ಜಲ್ದಿ ಹಾಕ್ರಿ ಅಕ್ಕಾರೇ. ನಾ ಹೋಗಿ ಅಂಗಡಿಗಳಿಗೆ ಮಂಡಕ್ಕಿ ಹಾಕ್ಬೇಕು."

ದೊಡ್ಡಮ್ಮ ಹಾಕಿದಳು. ಅಮ್ಮನ ಹಣೆಗೆ ಕುಂಕುಮ ಇಟ್ಟು, ಅಕ್ಕಿ, ಕೊಬ್ಬರಿ, ಕಣ ಹಾಕಿದಳು. ಅಮ್ಮ ಉಡಿಯನ್ನು ಒಂದು ಕೈಯಲ್ಲಿ ಕಟ್ಟಿಕೊಂಡು, ಇನ್ನೊಂದು ಕೈಯಿಂದ ತಟ್ಟೆಯ ಕಣವೊಂದನ್ನು ತೆಗೆದು, "ಈಗ ನೀ ಹಿಡಿ" ಎಂದಳು. ಶಾಲೆಯ ವೇದಿಕೆಯ ಮೇಲೆ ಅರ್ಧ ಹರವಿ ಮಡಿಸಿದ್ದ ಸೆರಗನ್ನು ದೊಡ್ಡಮ್ಮ ಪೂರ್ತಿ ಹರವಿದಳು.

ಆಮೇಲೆ ಸರೋಜಮ್ಮ ಎದ್ದರು. "ಅವತ್ತು ನಿಮ್ಮ ಪಕ್ಕದಾಗ ಕೂತು ಹಾಕಿಸ್ಕೊಂಡೆ ಮೇಡಂ. ನಿಮ್ಮ ಕಡಿ ನೋಡಾಕ ಆಗ್ಲಿಲ್ಲ" ಎಂದರು. "ನಾ ನೋಡ್ತಿದ್ದೆ ಬಿಡ್ರಿ, ಸೀರಿ ಚಲೋ ಇತ್ತು" ಎಂದಳು ದೊಡ್ಡಮ್ಮ. ಆ ಮಾತಿಗೆ ಬಿಗಿದುಕೊಂಡಿದ್ದ ಕೋಣೆ ಸಡಿಲವಾಯಿತು. ರೇಖಾ ಮೇಡಂ ಸೆರಗು ಹಿಡಿದು ನಿಂತು, ತಾವಾಗಿಯೇ ಹೇಳಿದರು: ಆ ಕಾರ್ಡು ಅವರ ಯಜಮಾನರ ಕಂಪನಿಯವರು ಹಬ್ಬಕ್ಕೆ ಕೊಟ್ಟದ್ದು. ಬಣ್ಣ ಹಚ್ಚಿದರೆ ತಮಗೆ ಮೈ ಕಡಿಯುತ್ತದೆ. ಹಾಗಾಗಿ ಸಿಬ್ಬಂದಿ ನಿಧಿಯಿಂದ ಹಣ ಇಸಿದುಕೊಂಡು ಅದನ್ನು ಶಾಲೆಗೇ ಕೊಟ್ಟಿದ್ದರು. ಅಂದರೆ ಗೌರವದ ಕಾರ್ಡು ನಮ್ಮ ಕೈಗೆ ಬರುವ ಮೊದಲೇ ಒಮ್ಮೆ ಮಾರಾಟವಾಗಿತ್ತು. ನಾನು ಅಪ್ಪನ ಕಡೆ ನೋಡಿದೆ. ಅಪ್ಪ ಮಳೆಯ ವಿಷಯ ತೆಗೆದರು.

ಎಲ್ಲರೂ ಹಿಡಿದರು ಎಂದು ಬರೆದರೆ ನಿಮಗೆ ಸಂತೋಷವಾಗುತ್ತಿತ್ತು. ಶಕುಂತಲಾ ಮೇಡಂ ಹಿಡಿಯಲಿಲ್ಲ. "ಸೆರಗಿಗೆ ಪಿನ್ ಹಾಕೀನಿ ಮೇಡಂ, ಬಸ್ ಬ್ಯಾರೆ ಬರ್ತೈತಿ. ಇದ್ರಾಗ ಹಾಕ್ರಿ" ಎಂದು ಪ್ಲಾಸ್ಟಿಕ್ ಚೀಲದ ಬಾಯಿ ತೆರೆದರು. ನಾನು ಹಲ್ಲು ಕಡಿದೆ. ದೊಡ್ಡಮ್ಮ ಚೀಲಕ್ಕೇ ಹಾಕಿದಳು. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, "ಚೀಲಕ್ಕ ಹಾಕಿದ್ರೂ ಮುಯ್ಯಿ ಮುಯ್ಯೇ" ಎಂದಳು.

ಕೆಲವು ತಿಂಗಳ ಹಿಂದೆ ಶಕುಂತಲಾ ಮೇಡಂ ಮನೆಯಲ್ಲಿ ಮೊಮ್ಮಗನ ನಾಮಕರಣವಾಯಿತು. ಅವರೇ ಮನೆಗೆ ಬಂದು ಕರೆದರು. ದೊಡ್ಡಮ್ಮ ಹೋಗಿಬಂದವಳು ಮಾರನೆಯ ದಿನ ಬೆಳಿಗ್ಗೆ ನೇರ ನಿಟ್ಟುವಳ್ಳಿಗೆ ಬಂದಳು. ಅಮ್ಮ ರೊಟ್ಟಿ ಮುಗಿಸಿ ಕಟ್ಟೆ ಕೆರೆಯುತ್ತಿದ್ದಳು. ದೊಡ್ಡಮ್ಮ ಚೀಲದಿಂದ ಒಂದು ಕಣ ತೆಗೆದು ನನ್ನ ಮುಂದೆ ಹಿಡಿದಳು. ಬದನೆಕಾಯಿ ಬಣ್ಣ, ಒಂದು ತೋಳಿಗೂ ಸಾಲದು, ಅದರ ಆಚೆಗೆ ಅವಳ ನಗುವ ಮುಖ ಪೂರ್ತಿ ಕಾಣುತ್ತಿತ್ತು.

ನನಗೆ ಸಿಟ್ಟು ಬಂತು. "ನೀನು ಹೊಲಿಸುವಂಥದ್ದು ಆರಿಸಿ ಕೊಟ್ಟೆ. ಅವರು ಇಂಥದ್ದು ಕೊಟ್ಟರಾ? ಇದು ಅವಮಾನ."

"ಸೆರಗಿಗೆ ಹಾಕ್ಯಾಳ. ಕುಂಕುಮ ಹಚ್ಚಿ, ಎಲ್ಲಾರ ಮುಂದ" ಎಂದಳು ದೊಡ್ಡಮ್ಮ. "ಮತ್ತ ನೋಡು, ಟ್ರಂಕಿನ ತಳದಾಗಿಂದು ತಗದು ಕೊಟ್ಟಾಳ. ಎಲ್ಲಾರಿಗೂ ಸಾಗ್ಹಾಕಿದಂಗ ನಂಗೂ ಸಾಗ್ಹಾಕ್ಯಾಳ."

ಅಷ್ಟು ಖುಷಿಯನ್ನು ನಾನು ಅವಳ ನಿವೃತ್ತಿಯ ದಿನವೂ ನೋಡಿರಲಿಲ್ಲ. ಸುಮ್ಮನೆ ಮಡಿಕೆ ಬಿಚ್ಚಿ ಒಳಗೆ ನೋಡಿದೆ, ನನ್ನಂಥ ಇನ್ನಾವಳಾದರೂ ಚುಕ್ಕೆ ಇಟ್ಟಿದ್ದಾಳೋ ಎಂದು. ಇರಲಿಲ್ಲ.

"ಪೆನ್ ಕೊಡಿಲ್ಲಿ" ಎಂದಳು ದೊಡ್ಡಮ್ಮ.

ನನ್ನ ಜೇಬಿನ ನೀಲಿ ಪೆನ್ನು ಕೊಟ್ಟೆ. ಅವಳು ಕಣದ ಮೂಲೆ ಮಡಿಸಿ, ಕಪ್ಪುಹಲಗೆಯ ಮೇಲೆ ಬಿಂದು ಗುರುತಿಸುವ ಗಾಂಭೀರ್ಯದಲ್ಲಿ ಒಂದು ಚುಕ್ಕೆ ಇಟ್ಟಳು. "ಹೋಗಿ ಬರ್ಲಿ. ನನ್ನ ಮನಿ ದಾರಿ ಇದಕ್ಕ ಗೊತ್ತಾಗ್ತೈತೋ ಇಲ್ಲೋ ನೋಡೇಬಿಡೋಣ" ಎಂದು ಅಡುಗೆಮನೆಯ ಕಡೆ ತಿರುಗಿ, "ಏ, ಹಿಡಿ ಸೆರಗು" ಎಂದಳು.

"ಇಂಥದ್ದು ನಂಗ್ಯಾಕ ಸಾಗ್ಹಾಕ್ತಿ?" ಎಂದು ಗೊಣಗುತ್ತಲೇ ಅಮ್ಮ ಚಿನ್ನದ ಕಾರ್ಡನ್ನು ಕಟ್ಟೆಯ ಮೇಲೆ ಬಿಸಾಕಿ, ಹಿಟ್ಟಿನ ಕೈಯಲ್ಲೇ ಸೆರಗು ಹರವಿದಳು.